ತುಟಿ ಅರಳಬೇಕು, ಹೊಟ್ಟೆ ಕುಲುಕಬಾರದು

ಇಸ್ತ್ರಿ ಅಂಗಡಿಯಾಕೆಗೆ ಸಿನಿಮಾ ಹುಚ್ಚು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಗಂಡ ಒಳಕೋಣೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದರೆ ಇವಳು ಹೊರಗೆ ಮೇಜಿನ ತುದಿಗೆ ಫೋನು ಒರಗಿಸಿಕೊಂಡು, ಒಂದು ಕಣ್ಣು ಕಾಲರಿನ ಮೇಲೆ, ಇನ್ನೊಂದು ಸಿನಿಮಾದ ಮೇಲೆ ಇಟ್ಟಿರುತ್ತಾಳಲ್ಲ ಎಂದು. ಆಡುವ ಬಾಯಿಗೆ ಬೀಗ ಹಾಕಲು ಅವಳಿಗೆ ಪುರುಸೊತ್ತಿರಲಿಲ್ಲ.

ಗಂಡ ಬಸ್ಸಿನ ಡ್ರೈವರಾಗಿದ್ದವನು. ಅವನು ನಕ್ಕರೆ ಕೊನೆಯ ಸೀಟಿನಲ್ಲಿ ನಿದ್ದೆಹೋದವರೂ ಎದ್ದು ಕೂರುತ್ತಿದ್ದರಂತೆ. ಈಗ ಶ್ವಾಸಕೋಶ ಕೈಕೊಟ್ಟಿತ್ತು. ಜೋರಾಗಿ ನಕ್ಕರೆ ಕೆಮ್ಮು, ಕೆಮ್ಮಿದರೆ ತುಟಿ ನೀಲಿ. ಮನಸ್ಸು ಹಗುರವಾಗಿರಲಿ, ಜೋರು ನಗು ಮಾತ್ರ ಬೇಡ ಎಂದಿದ್ದರು ಡಾಕ್ಟರು. ಅಳಿಸುವ ಸಿನಿಮಾ ಹಾಕಿದರೆ ಅವನು ಗೋಡೆಯತ್ತ ತಿರುಗಿ ಮಲಗುತ್ತಿದ್ದ. ಹಾಗಾಗಿ ಸಂಜೆಗೊಂದು ತಿಳಿಹಾಸ್ಯದ ಸಂಸಾರದ ಕಥೆ ಬೇಕಿತ್ತು; ತುಟಿ ಅರಳಬೇಕು, ಹೊಟ್ಟೆ ಕುಲುಕಬಾರದು. ಪಥ್ಯದ ಅಡುಗೆಗೆ ಉಪ್ಪು ನೋಡಿದ ಹಾಗೆ ಅವಳು ಮಧ್ಯಾಹ್ನವೇ ನೋಡಿ ಆರಿಸುತ್ತಿದ್ದಳು. ಮುಗುಳ್ನಗೆ ಬಂದರೆ ಪಾಸು, ಹಲ್ಲು ಕಂಡರೆ ಫೇಲು.

ಒಂದು ದಿನ ಸಿಕ್ಕಿದ್ದು, ಮಾವನ ಹಲ್ಲಿನ ಸೆಟ್ಟು ಕಳೆದುಹಾಕಿದ ಅಳಿಯ ಅದೇ ಅಳತೆಯ ಇನ್ನೊಂದಕ್ಕಾಗಿ ಬೀದಿಯ ಮುದುಕರ ಬಾಯೊಳಗೆಲ್ಲ ಇಣುಕುವ ಕಥೆ. ಅವಳಿಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಇಸ್ತ್ರಿ ಪೆಟ್ಟಿಗೆಯ ಅಡಿ ಯಾರದೋ ಶರ್ಟು ಸುಟ್ಟುಹೋಯಿತು. ಆ ಸಿನಿಮಾ ಫೇಲಾಯಿತು.

ಸಂಜೆ ಬೇರೊಂದನ್ನು ಹಾಕಲು ಹೋದಾಗ ಗಂಡ ಕೈ ಅಡ್ಡ ಹಿಡಿದ.

“ಇದಲ್ಲ. ಮಧ್ಯಾಹ್ನ ನಕ್ಕೆಯಲ್ಲ, ಅದು.”

ಪಕ್ಕದ ಮನೆಯವಳು ಏನೋ ತಮಾಷೆ ಹೇಳಿದಳು ಎಂದು ಅವಳು ಸುಳ್ಳು ಹೇಳಿದಳು.

“ಬಟ್ಟೆ ಸುಟ್ಟ ವಾಸನೇನೂ ಪಕ್ಕದ ಮನೆಯಿಂದ ಬಂತಾ?”

“ನಿಮಗೆ ಆಗಲ್ಲ ರೀ ಅದು. ಕೆಮ್ಮು ಬಂದ್ರೆ ಏನು ಮಾಡ್ಲಿ ನಾನು?”

“ಬರುತ್ತೆ. ಬರಲಿ.” ಅವನು ಉಸಿರು ಕೂಡಿಸಿಕೊಂಡ. “ನೀನು ನಕ್ಕಿದ್ದು ಕೇಳಿ ಎಷ್ಟು ಕಾಲವಾಯ್ತು. ನಾನು ಮಲಗಿದ ಮೇಲೆ ನಿನ್ನ ಬಾಯಿಗೂ ಇಸ್ತ್ರಿ ಹೊಡೆದ ಹಾಗಾಗಿದೆ. ಸಾಯ್ತಿರೋದು ನಾನೊಬ್ಬ, ಇಬ್ರೂ ಅಲ್ಲ.”

ಆ ಮಾತನ್ನು ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಅವಳು ಅದೇ ಸಿನಿಮಾ ಹಾಕಿದಳು.

ಮೂರನೆಯ ಮುದುಕ ಬಾಯಿ ತೆರೆದಾಗ ಅವನು ನಕ್ಕ. ಕೆಮ್ಮು ಬೆನ್ನಟ್ಟಿ ಬಂತು. ತುಟಿ ನೀಲಿಯಾಯಿತು. ಅವಳು ಫೋನು ಆರಿಸಲು ಹೋದರೆ ಅವನು ಅವಳ ಮಣಿಕಟ್ಟು ಹಿಡಿದು ಬಿಡಲಿಲ್ಲ. ಉಸಿರು ಹಿಂದಿರುಗುವವರೆಗೆ ಅವಳು ಅವನ ಬೆನ್ನು ನೀವುತ್ತ, ಕಾಣದ ದೇವರಿಗೆಲ್ಲ ಹರಕೆ ಹೊತ್ತಳು. ಕೊನೆಗೆ ಅವನು ಕೇಳಿದ್ದು ಇಷ್ಟೇ:

“ಸ್ವಲ್ಪ ಹಿಂದಕ್ಕೆ ಹಾಕು. ಆ ಮುದುಕ ಏನಂದ, ಕೇಳಿಸಲಿಲ್ಲ.”

ಅಂದಿನಿಂದ ಸಿನಿಮಾ ಆರಿಸುವುದು ಅವನ ಪಾಲಾಯಿತು. ಆರಿಸುವಾಗ ಅವನು ನೋಡುತ್ತಿದ್ದುದು ಪರದೆಯನ್ನಲ್ಲ, ಅವಳ ಮುಖವನ್ನು. ಬೇಸಿಗೆ ಮುಗಿಯುವ ಮೊದಲೇ ಒಂದು ಬೆಳಗ್ಗೆ ಅವನು ಹೋದ.

ಸಾವಿನ ಸುದ್ದಿ ತಿಳಿದು ಬಂದ ಗಂಡನ ಅಕ್ಕ, ಬೀದಿಯವರ ಮಾತೂ ಕಿವಿಗೆ ಬಿದ್ದಿದ್ದರೂ ಎರಡು ದಿನ ಬಾಯಿ ಕಟ್ಟಿಕೊಂಡಿದ್ದು, ಹೊರಡುವಾಗ ಹೊಸ್ತಿಲಲ್ಲಿ ನಿಂತು ಅಂದೇಬಿಟ್ಟಳು: “ಆ ನಗಿಸೋ ಸಿನಿಮಾಗಳನ್ನ ತೋರಿಸದೆ ಇದ್ದಿದ್ರೆ ಇನ್ನೂ ನಾಲ್ಕು ದಿನ ಇರ್ತಿದ್ದನೇನೋ.”

ಅವಳು ಅತ್ತಿಗೆಯ ಚೀಲವನ್ನು ಕೈಗೆ ಕೊಟ್ಟಳು.

“ಇರ್ತಿದ್ರು ಅಕ್ಕಾ,” ಎಂದಳು. “ಗೋಡೆ ಕಡೆ ತಿರುಗಿ.”