ಕಾಕ ನೆಲ ಮೆಟ್ಟದ ಮಧ್ಯಾಹ್ನ

ಗಲ್ಫಿನಲ್ಲಿ, ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನ ಎದುರು ಹೊಸ ಕಟ್ಟಡಕ್ಕೆ ಜಾಗ ಸಮ ಮಾಡುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಧೂಳು ಏಳದಿರಲೆಂದು ಟ್ಯಾಂಕರಿನವನು ಅಲ್ಲಿ ನೀರು ಬಿಟ್ಟ. ಕಾದ ಮರಳಿಗೆ ನೀರು ಬಿದ್ದಾಗ ಒಂದು ವಾಸನೆ ಬರುತ್ತದೆ. ಊರಲ್ಲಿ ಮೊದಲ ಮಳೆಗೆ ಜನ ಹಿಗ್ಗುವುದು ಇಂಥದೇ ವಾಸನೆಗೆ. ನಾನು ಮಾತ್ರ ಅದು ಮೂಗಿಗೆ ಬಡಿದರೆ ಕಿಟಕಿ ಮುಚ್ಚುವವನು. ಬಾಲ್ಕನಿಯಲ್ಲಿ ಹಾಗೇ ನಿಂತುಬಿಟ್ಟೆ. "ಎಂತ ಆಯ್ತು ನಿಮಗೆ? ಚಾ ತಣ್ಣಗಾಯ್ತು" ಎಂದಳು ಹೆಂಡತಿ. ಎಂತ ಆಯ್ತೆಂದು ನಾನು ಅವಳಿಗೂ ಹೇಳಿದವನಲ್ಲ...

ಎಂಟು ವರ್ಷದ ಹಿಂದೆ ನಾನು ಅಲ್ ಖೌದ್‌ನಿಂದಾಚೆ, ಗುಡ್ಡಗಳ ಕಡೆಗಿದ್ದ ಒಂದು ಖಾಸಗಿ ಕುದುರೆ ಫಾರ್ಮಿನಲ್ಲಿ ಮ್ಯಾನೇಜರ್ ಆಗಿದ್ದೆ. ಹುಲ್ಲು ತರಿಸುವುದು, ಕೆಲಸದವರ ವೀಸಾ ನೋಡುವುದು, ಅತಿಥಿಗಳಿಗೆ ಕುರ್ಚಿ ಹಾಕಿಸುವುದು ನನ್ನ ಕೆಲಸ. ಕುದುರೆಯ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟರಲ್ಲೇ ಇತ್ತು. ಕುದುರೆ ಓಡುವ ಅಂಗಳದ ಮರಳು ನೋಡಿಕೊಳ್ಳಲು ಅಲ್ಲಿ ಒಬ್ಬರಿದ್ದರು. ಉಳ್ಳಾಲದ ಕಡೆಯ ಬ್ಯಾರಿ, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಲಾಯದ ಪಾಕಿಸ್ತಾನಿಗಳಿಗೂ, ಫಾರ್ಮಿನ ಧಣಿ ಅರಬಾಬನಿಗೂ ಅವರು ಕಾಕ. ನನಗೂ ಕಾಕ.

ಅರಬಾಬನ ಮಗಳು ಪರದೇಶದಲ್ಲಿ ಓದಿ ಬಂದವಳು. ಅಲ್ಲಿ ನೋಡಿದ ಬ್ಯಾರೆಲ್ ರೇಸ್ ಎಂಬ ಆಟವನ್ನು ಇಲ್ಲೂ ಶುರುಮಾಡಿದ್ದಳು. ಆಟ ಇಷ್ಟೇ. ಮೂರು ಎಣ್ಣೆ ಡ್ರಮ್ಮುಗಳನ್ನು ಮೂರು ಮೂಲೆಗೆ ಇಡುವುದು, ಕುದುರೆ ಒಂದೊಂದನ್ನೂ ಸುತ್ತಿ ವಾಪಸ್ ಓಡಿಬರುವುದು. ಎಲ್ಲರಿಗಿಂತ ಬೇಗ ಬಂದವರು ಗೆದ್ದಂತೆ. ನೋಡಲು ಚಂದ. ಆದರೆ ಡ್ರಮ್ಮಿನ ಹತ್ತಿರ ಕುದುರೆ ಮೈಯೆಲ್ಲ ಒಂದು ಕಡೆ ವಾಲಿಸಿ ತಿರುಗುವಾಗ ಅದರ ಅಷ್ಟೂ ಭಾರ ಕಾಲಿನ ಮೇಲೆ. ಆ ಹೊತ್ತಿಗೆ ನೆಲ ಕೈಕೊಟ್ಟರೆ ಮುಗಿಯಿತು.

ನೆಲ ಕೈಕೊಡದಂತೆ ನೋಡುವುದೇ ಕಾಕನ ಬದುಕು. ಸಂಜೆ ಹದವಾಗಿ ನೀರು ಚಿಮುಕಿಸುವರು. ಬೆಳಿಗ್ಗೆ ಟ್ರ್ಯಾಕ್ಟರಿಗೆ ಕಬ್ಬಿಣದ ಹಲ್ಲುಗಳ ಚೌಕಟ್ಟು ಕಟ್ಟಿ ಮರಳು ಸಡಿಲ ಮಾಡುವರು. ಆಮೇಲೆ ಚಪ್ಪಲಿ ಕಳಚಿಟ್ಟು ಮೂರು ಡ್ರಮ್ಮುಗಳ ಸುತ್ತ ಬರಿಗಾಲಲ್ಲಿ, ಹಿಮ್ಮಡಿ ಊರಿ ಊರಿ ನಡೆಯುವರು. ಬೆಳಿಗ್ಗೆ ಒಂದು ಸಲ, ಓಟಕ್ಕೆ ಮೊದಲು ಇನ್ನೊಂದು ಸಲ. ಈ ಎರಡನೇ ನಡಿಗೆ ಆಗದೆ ಒಂದು ಕುದುರೆಯೂ ಒಳಗೆ ಬರುವಂತಿಲ್ಲ. ಮಧ್ಯಾಹ್ನದ ಮರಳು ಹೇಗೆ ಸುಡುತ್ತದೆಂದು ಇಲ್ಲಿದ್ದವರಿಗೆ ಗೊತ್ತು. ನಾನು ತಮಾಷೆ ಮಾಡಿದರೆ ನಗುತ್ತಿದ್ದರು. "ಶೂ ಹಾಕಿದ್ರೆ ನೆಲ ಮಾತಾಡುದಿಲ್ಲ ಸರ್."

ನನ್ನದು ಬೇರೆಯೇ ಪಾಂಡಿತ್ಯ. ನಾನು ತುಳುವ, ಕಂಬಳ ನೋಡಿಯೇ ಬೆಳೆದವನು. ಕೆಸರುಗದ್ದೆಯಲ್ಲಿ ಕೋಣಗಳು ನೀರು ಚಿಮ್ಮಿಸಿಕೊಂಡು ಓಡುವುದನ್ನು ಕಂಡ ನನಗೆ, ನೀರು ಜಾಸ್ತಿ ಇದ್ದಷ್ಟೂ ನೆಲ ಮೆತ್ತಗೆ, ನೆಲ ಮೆತ್ತಗಿದ್ದಷ್ಟೂ ಪ್ರಾಣಿಗೆ ಸುಖ ಎಂಬ ಭಾವನೆ. "ಇನ್ನೆರಡು ಟ್ಯಾಂಕರ್ ಹೊಡೀರಿ ಕಾಕ, ನೀರಿಗೆಂಥ ಬರ?" ಎಂದು ಒಮ್ಮೆ ಹೇಳಿದ್ದೆ.

"ಅಯ್ಯೋ ಮಾರಾಯ್ರೆ, ಕೋಣ ಸೀದಾ ಓಡುದು. ಇದು ತಿರುಗ್ಬೇಕಲ್ಲ! ಅಡಿಯಲ್ಲಿ ಗಟ್ಟಿ ಮಣ್ಣುಂಟು. ನೀರು ಅಲ್ಲಿಗೆ ಇಳಿದ್ರೆ ಪಾಚಿ ಕಟ್ಟಿದ ಬಾವಿಕಟ್ಟೆಯೇ" ಎಂದಿದ್ದರು.

ಕೇಳಿಸಿಕೊಂಡೆ. ತಲೆಗೆ ಹಾಕಿಕೊಳ್ಳಲಿಲ್ಲ.

ಅವತ್ತು ಶುಕ್ರವಾರ. ಸಂಜೆ ನಾಲ್ಕಕ್ಕೆ ಓಟ, ಅರಬಾಬನ ದೊಡ್ಡ ದೊಡ್ಡ ಅತಿಥಿಗಳು ಬರುವವರಿದ್ದರು. ಮಧ್ಯಾಹ್ನ ಕಾಕ, ಲಾಯದವರು, ಡ್ರೈವರುಗಳು ಎಲ್ಲ ಜುಮಾ ನಮಾಜಿಗೆ ಹೋದರು. ಫಾರ್ಮಿನಲ್ಲಿ ಉಳಿದವನು ನಾನೊಬ್ಬನೇ. ಗಾಳಿ ಎದ್ದಿತು. ಅಂಗಳದ ಧೂಳೆಲ್ಲ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳ ಮೇಲೆ! ತೋಟದ ಟ್ಯಾಂಕರು ಪಕ್ಕದಲ್ಲೇ ನಿಂತಿತ್ತು. ಪೈಪ್ ಎಳೆದು ನಾನೇ ನೀರು ಬಿಟ್ಟೆ. ಸಾಕಷ್ಟು ಬಿಟ್ಟೆ. ಎರಡನೇ ಡ್ರಮ್ಮಿನ ಹತ್ತಿರ ಸ್ವಲ್ಪ ನಿಂತದ್ದೂ ಕಂಡಿತು. ಕಾಕ ಬಂದು ನೋಡಿದರೆ ಗೊಣಗುತ್ತಾರೆಂದು ಟ್ರ್ಯಾಕ್ಟರ್ ಹತ್ತಿ, ಬದಿಯ ಒಣ ಮರಳನ್ನು ಆ ಹಸಿಯ ಮೇಲೆ ಎಳೆದು ಸಮ ಮಾಡಿದೆ. ಇಲ್ಲಿಯ ಬಿಸಿಲಿಗೆ ಒಂದು ಗಂಟೆಯೊಳಗೆ ಮೇಲೆಲ್ಲ ಮೊದಲಿನಂತೆಯೇ ಆಯಿತು. ಒಳ್ಳೆಯ ಕೆಲಸ ಮಾಡಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಹುಂಬ ನಾನು.

ಅತಿಥಿಗಳು ಹೊತ್ತಿಗೆ ಮುಂಚೆಯೇ ಬಂದರು. ಕಾಕ ಚಪ್ಪಲಿ ಕಳಚಿ ಅಂಗಳಕ್ಕೆ ಇಳಿಯುತ್ತಿದ್ದರು. ನಾನು ತಡೆದೆ. "ಬೇಡ ಕಾಕ, ಎಲ್ಲರೂ ಕೂತಾಯ್ತು. ಬೆಳಿಗ್ಗೆ ನೋಡಿದ್ದೀರಲ್ಲ, ಸಾಕು."

"ಎರಡು ನಿಮಿಷ ಸರ್."

"ಯಲ್ಲಾ ಕಾಕ, ಬನ್ನಿ ಈಚೆ" ಎಂದೆ. ಮ್ಯಾನೇಜರ್ ಹೇಳಿದ ಮೇಲೆ ಅವರೇನು ಮಾಡಿಯಾರು? ಚಪ್ಪಲಿ ಕೈಯಲ್ಲಿ ಹಿಡಿದು ಬೇಲಿಯ ಹತ್ತಿರ ಬಂದು ನಿಂತರು.

ಧಣಿಯ ಮಗಳು ಹತ್ತಿದ್ದು ಕೆಂಚು ಬಣ್ಣದ ಹೆಣ್ಣು ಕುದುರೆ. ಕಾಕನಿಗೆ ಅದೆಂದರೆ ಪ್ರಾಣ, ಅದರೊಡನೆ ಬ್ಯಾರಿ ಭಾಷೆಯಲ್ಲೇ ಹರಟುತ್ತಿದ್ದರು. ಮೊದಲ ಡ್ರಮ್ಮು ಚೆನ್ನಾಗಿ ಸುತ್ತಿತು. ಎರಡನೆಯದಕ್ಕೆ ವಾಲಿದ್ದೇ ಹಿಂಗಾಲು ಎರಡೂ ಒಟ್ಟಿಗೆ ಜಾರಿ ಹೋದವು. ಏಳಲು ಒದ್ದಾಡುವಾಗ ಮುಂಗಾಲು ಮೈಯಡಿಗೆ ಸಿಕ್ಕಿ ಮುರಿಯಿತು. ಆ ಸದ್ದು ಬೇಲಿಯವರೆಗೂ ಕೇಳಿಸಿತು... ಹುಡುಗಿಗೆ ಭುಜಕ್ಕೆ ಪೆಟ್ಟಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಕುದುರೆಗೆ ಉಳಿವಿಲ್ಲವೆಂದು ಡಾಕ್ಟರು ನೋಡಿದ ಕೂಡಲೇ ಹೇಳಿದರು. ಇಂಜೆಕ್ಷನ್ ಕೊಡುವಾಗ ಅದರ ತಲೆ ಕಾಕನ ತೊಡೆಯ ಮೇಲಿತ್ತು. ಅದು ಕಣ್ಣು ಮುಚ್ಚುವವರೆಗೂ ಅವರು ಮಾತಾಡುತ್ತಲೇ ಇದ್ದರು.

ಆಮೇಲೆ ಎದ್ದು ಹೋಗಿ ಡ್ರಮ್ಮಿನ ಹತ್ತಿರ ಕೈಯಿಂದ ಮರಳು ತೋಡಿದರು. ಅಡಿ ಹಸಿ. ಬೆರಳು ಉಜ್ಜಿ ನೋಡಿದರು. "ನಿನ್ನೆ ನಾನು ನೀರು ಹೆಚ್ಚು ಹಾಕಿದ್ನಾ ಸರ್? ಬೆಳಿಗ್ಗೆ ಕಾಲಿಗೆ ಗೊತ್ತೇ ಆಗ್ಲಿಲ್ಲ ನೋಡಿ" ಎಂದರು. ನಾನು ಪಕ್ಕದಲ್ಲೇ ಇದ್ದೆ. ಇಲ್ಲ ಕಾಕ, ನೀರು ಬಿಟ್ಟದ್ದು ನಾನು. ಇಷ್ಟು ಹೇಳಲು ಎಷ್ಟು ಉಸಿರು ಬೇಕು? ಅಷ್ಟರಲ್ಲಿ ಅರಬಾಬ್ ಬಂದ. "ಕಿಸ್ಕಾ ಗಲ್ತಿ?" ಯಾರ ತಪ್ಪೆಂದು ಕೇಳಿದ. ನನ್ನ ಮಕ್ಕಳು ಇಲ್ಲಿಯ ಶಾಲೆಯಲ್ಲಿದ್ದರು, ಈ ಕೆಲಸ ಹೋದರೆ ಗತಿಯೇನೆಂಬ ಹೆದರಿಕೆಗೆ ನನ್ನ ಬಾಯಿ ಕಟ್ಟಿತು. ಕಾಕ ಮುಂದೆ ಬಂದು "ಮೇರಾ ಗಲ್ತಿ" ಎಂದರು.

ಅರಬಾಬ್ ಒಳ್ಳೆಯ ಮನುಷ್ಯ, ಯಾರನ್ನೂ ತೆಗೆಯಲಿಲ್ಲ. ಆದರೆ ಕಾಕ ಆಮೇಲೆ ಅಂಗಳಕ್ಕೆ ಇಳಿಯಲಿಲ್ಲ. "ನನ್ನ ಕಾಲಿಗೆ ವಯಸ್ಸಾಯ್ತು ಸರ್, ಇನ್ನೊಂದು ಕುದುರೆ ಬೀಳುದು ಬೇಡ" ಎಂದು ಕೆಲಸಕ್ಕೆ ಖಲಾಸ್ ಹೇಳಿ ಎರಡೇ ತಿಂಗಳಲ್ಲಿ ಊರಿಗೆ ಹೊರಟರು. ಏರ್‌ಪೋರ್ಟಿಗೆ ಬಿಟ್ಟವನು ನಾನೇ. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ...

ಪ್ರತಿ ಪೆರ್ನಾಳಿಗೆ, ಈದ್ ಹಬ್ಬಕ್ಕೆ, ಅವರೇ ಫೋನ್ ಮಾಡುವರು. ಕೊನೆಗೊಂದು ಪ್ರಶ್ನೆ ಇದ್ದೇ ಇರುತ್ತಿತ್ತು. "ಅವತ್ತು ನಾನು ಎರಡನೇ ಸಲ ನಡೆದಿದ್ರೆ ಗೊತ್ತಾಗ್ತಿತ್ತಲ್ವಾ ಸರ್? ನೀವು ಬೇಡ ಹೇಳಿದ್ರೂ ನಾನು ಇಳೀಬೇಕಿತ್ತು." ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ನಾನು ಗಾದೆ ಹೇಳುತ್ತಿದ್ದೆ. ನಾಚಿಕೆಗೇಡು! ಈಚೆಗೆ ಎರಡು ಹಬ್ಬ ಫೋನ್ ಬಂದಿರಲಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡವನು ನಾನು.

ಮೊನ್ನೆ ಬಾಲ್ಕನಿಯಿಂದ ಒಳಗೆ ಬಂದವನೇ ಕೋಣೆಯ ಬಾಗಿಲು ಹಾಕಿಕೊಂಡು ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಮಗಳು.

"ಉಪ್ಪ ಹೋಗಿ ಒಂದು ವರ್ಷ ಆಯ್ತು ಅಂಕಲ್" ಎಂದಳು. "ನಿಮ್ಮ ಹೆಸರು ತುಂಬ ಹೇಳ್ತಿದ್ರು. ಆ ಕುದುರೆಯದ್ದೂ. ಐದು ಹೊತ್ತಿನ ನಮಾಜಲ್ಲೂ ಅದಕ್ಕಾಗಿ ಮಾಫಿ ಕೇಳ್ತಿದ್ರು."

ನಾನು ಎಲ್ಲ ಹೇಳಿದೆ. ಟ್ಯಾಂಕರು, ಪೈಪು, ಒಣ ಮರಳು ಎಳೆದು ಮುಚ್ಚಿದ್ದು, ಒಂದನ್ನೂ ಬಿಡಲಿಲ್ಲ. ಅವಳು ಬೈದಿದ್ದರೆ, ಶಪಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಸರಿ ಅಂಕಲ್" ಎಂದಳು. "ಉಮ್ಮನಿಗೆ ಹೇಳ್ತೇನೆ. ಅವರಿಗಾದ್ರೂ ಸಮಾಧಾನ ಆಗ್ಲಿ." ಫೋನ್ ಇಟ್ಟಳು.

ಮಂಚದ ತುದಿಯಲ್ಲಿ ಕೂತು ಅತ್ತೆ. ಆ ಶುಕ್ರವಾರದ ಮೇಲೆ ಏಳು ವರ್ಷ ಕಾಕ ಬದುಕಿದ್ದರು, ಏಳು ವರ್ಷವೂ ಅವರ ನಂಬರ್ ನನ್ನ ಜೇಬಿನಲ್ಲೇ ಇತ್ತು.