ಸುಣ್ಣಕ್ಕೆ ನೀರು ಹೊಯ್ಯಿಸಿದ ಅಕ್ಕೋರು

ರಸಾಯನಶಾಸ್ತ್ರವನ್ನು ನಾನು ಚೆನ್ನಾಗಿ ಕಲಿಸುತ್ತಿದ್ದೆ ಎಂದು ಯಾರಾದರೂ ಹೇಳಿದರೆ ಈಗಲೂ ಮೈ ಉರಿಯುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಕಾರವಾರ ಮತ್ತು ಅಂಕೋಲಾ ನಡುವಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಊರವರ ಬಾಯಲ್ಲಿ ಅಕ್ಕೋರು. ದಿನಾ ಕದ್ವಾಡದಿಂದ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ನನ್ನ ವಿಷಯದಲ್ಲಿ ಒಬ್ಬರೂ ಫೇಲಾಗುತ್ತಿರಲಿಲ್ಲ. ಏನು ಜಂಬ ನನಗೆ!

ಆ ಜಂಬದ ಗುಟ್ಟು ಇಷ್ಟೇ. ರಾಸಾಯನಿಕ ಕ್ರಿಯೆಗಳಲ್ಲಿ ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಎಂದು ನಾಲ್ಕು ವಿಧ. ಅವನ್ನು ಅರ್ಥ ಮಾಡಿಸುವ ಗೋಜಿಗೇ ನಾನು ಹೋಗಲಿಲ್ಲ. "ಸಮೀಕರಣದಲ್ಲಿ ಬಾಣ ನೋಡಿ. ಎಡಕ್ಕೆ ಎರಡು, ಬಲಕ್ಕೆ ಒಂದು ಇದ್ರೆ ಸಂಯೋಗ ಅಂತ ಬರೀರಿ. ಎಡಕ್ಕೆ ಒಂದೇ ಇದ್ದು ಬಲಕ್ಕೆ ಎರಡಾದ್ರೆ ವಿಭಜನೆ. ಎಂತ ವಸ್ತು ಅಂತ ತಲೆ ಕೆಡಿಸ್ಕೋಬೇಡಿ" ಎನ್ನುತ್ತಿದ್ದೆ. ಮಕ್ಕಳು ಕೆಡಿಸಿಕೊಳ್ಳಲಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಸೇರಿದರೆ ಅರಳಿದ ಸುಣ್ಣ, ಇದು ಸಂಯೋಗ, ಉಷ್ಣ ಬಿಡುಗಡೆಯಾಗುತ್ತದೆ ಎಂದು ಇಡೀ ತರಗತಿ ಒಟ್ಟಿಗೆ ಕೂಗಿದರೆ ಹೆಡ್‌ಮಾಸ್ತರರು ವರಾಂಡದಲ್ಲಿ ನಿಂತು ತಲೆದೂಗುತ್ತಿದ್ದರು.

ಒಬ್ಬಳು ಮಾತ್ರ ಪ್ರಶ್ನೆ ಕೇಳುವವಳು. ಅವಳ ತಾಯಿ ಮೀನು ಮಾರುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಮನೆಮನೆಗೆ ಸುಣ್ಣ ಬಳಿಯಲು ಹೋಗುತ್ತಿದ್ದಳು. ರಜೆಯಿದ್ದರೆ ಮಗಳೂ ಜೊತೆಗೆ. "ಅಕ್ಕೋರೇ, ಬಿಸಿ ಆಗ್ತದೆ ಅಂದ್ರೆ ಎಷ್ಟು ಬಿಸಿ?" ಎಂದು ಒಮ್ಮೆ ಎದ್ದು ನಿಂತಳು. "ಪರೀಕ್ಷೆಗೆ ಅದು ಬರೂದಿಲ್ಲ, ಕೂತ್ಕೋ" ಎಂದು ಕೂರಿಸಿದೆ.

ಆ ವರ್ಷ ಶಾಲೆಗೆ ಇನ್‌ಸ್ಪೆಕ್ಷನ್ ಬರುವುದಿತ್ತು. ಹೆಡ್‌ಮಾಸ್ತರರು ಚಿಪ್ಪಿ ಸುಟ್ಟು ಮಾಡಿದ ಸುಣ್ಣ ಒಂದು ಚೀಲ ತರಿಸಿ, ಗೋಡೆ ಬಳಿಸುವ ಉಸ್ತುವಾರಿ ನನಗೆ ಕೊಟ್ಟರು. ಬಳಿಯುವವರು ಮರುದಿನ ಬರುವವರು, ಅಷ್ಟರಲ್ಲಿ ಸುಣ್ಣ ಅರಳಿರಲಿ ಎಂದು ಚೀಲವನ್ನು ಡ್ರಮ್ಮಿಗೆ ಸುರಿಸಿದೆ. ಎದುರಿಗೆ ಸಿಕ್ಕಿದವಳು ಅದೇ ಹುಡುಗಿ. ಕೊಡಪಾನದ ನೀರನ್ನು ಅದರ ಮೇಲೆ ಹೊಯ್ಯಲು ಹೇಳಿದೆ.

"ಬ್ಯಾಡ ಅಕ್ಕೋರೇ" ಎಂದಳು. "ಹಾಂಗೆ ಮೇಲಿಂದ ಹೊಯ್ದ್ರೆ ಸಿಡೀತದೆ. ಮೊದ್ಲು ನೀರು ತುಂಬ್ಕಂಡು, ಅದಕ್ಕೆ ಸುಣ್ಣ ಸೊಲ್ಪ ಸೊಲ್ಪ ಹಾಕೂದು. ನಮ್ಮ ಆಯಿ ಹಾಂಗೇ ಮಾಡೂದು."

ಸುತ್ತ ನಾಲ್ಕು ಮಕ್ಕಳು ನಿಂತಿದ್ದರು. ಯಾರೋ ಕಿಸಕ್ಕೆಂದರು. ನನಗೆ ಪಿತ್ತ ನೆತ್ತಿಗೇರಿತು.

"ನಂಗೇ ಕಲಿಸ್ತೀಯೇನೇ? ದೊಡ್ಡ ವಿಜ್ಞಾನಿ ಬಂದ್ಬಿಟ್ಲು! ಹೊಯ್ಯಿ ಅಂದ್ರೆ ಹೊಯ್ಯಿ."

ಹೊಯ್ದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬುಸ್ಸೆಂದು ಹಬೆ ಎದ್ದಿತು, ಡ್ರಮ್ಮು ಕೊತಕೊತ ಕುದಿಯಿತು, ಬಿಸಿ ಸುಣ್ಣ ಅವಳ ಮುಖಕ್ಕೆ ಹಾರಿತು. ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ ಆ ಕ್ರಿಯೆಯನ್ನು! ಡ್ರಮ್ಮಿನಲ್ಲಿ ಕಂಡರೆ ನನಗೇ ಗುರುತು ಹತ್ತಲಿಲ್ಲ. ಅಲ್ಲಿ ಬಾಣ ಇರಲಿಲ್ಲವಲ್ಲ! ನನ್ನನ್ನು ಪುಸ್ತಕದ ಬದನೆಕಾಯಿ ಎಂದರೆ ಬದನೆಕಾಯಿಗೇ ಅವಮಾನ. ಕಣ್ಣು ತೊಳೆಯಲು ನೋಡಿದರೆ ಕೊಡಪಾನ ಖಾಲಿ. ಬಾವಿಯಿಂದ ಸೇದಿ ತರುವಷ್ಟರಲ್ಲಿ ಅವಳು ಅಂಗಳದಲ್ಲಿ ಹೊರಳಾಡುತ್ತಿದ್ದಳು.

ಬಲಗಣ್ಣು ಇನ್ನು ಕಾಣುವುದಿಲ್ಲ ಎಂದು ಕಾರವಾರದ ಡಾಕ್ಟರು ಹೇಳಿದರು.

ಹೆಡ್‌ಮಾಸ್ತರರು ಮೇಲಿನವರಿಗೆ ವರದಿ ಬರೆದರು. ವಿದ್ಯಾರ್ಥಿನಿಯು ಶಿಕ್ಷಕಿಯ ಮಾತು ಮೀರಿ, ತಾನಾಗಿಯೇ ಸುಣ್ಣಕ್ಕೆ ನೀರು ಹಾಕಿ ಗಾಯ ಮಾಡಿಕೊಂಡಿದ್ದಾಳೆ ಎಂದು. "ನಿಮ್ಗೆ ನೌಕರಿ ಬೇಕೋ ಬ್ಯಾಡ್ವೋ?" ಎಂದು ಕಾಗದ ನನ್ನ ಮುಂದಿಟ್ಟರು. ಸಹಿ ಹಾಕಿದೆ. ಕೈ ನಡುಗಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ನಡುಗಲಿಲ್ಲ. ಥೂ ನನ್ನ ಜನ್ಮಕ್ಕೆ!

ತಾಯಿಯ ಹೆಬ್ಬೆಟ್ಟೂ ಬೇಕಿತ್ತು. ಮುಂದಿನ ವಾರ ಅವಳು ಮಗಳ ಕೈ ಹಿಡಿದುಕೊಂಡು ಬಂದಳು. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ನಾನು ಕಾದಿದ್ದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಕಾಗದ ಹಿಡಿದಳು.

"ನಂಗೆ ಓದೂಕೆ ಬರೂದಿಲ್ಲ ಅಕ್ಕೋರೇ. ಎಂತ ಬರದೀರಿ, ಸೊಲ್ಪ ಓದಿ ಹೇಳ್ರಾ."

ಹೆಡ್‌ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿದರು.

"ಆಕಸ್ಮಿಕವಾಗಿ ಆಯ್ತು, ಯಾರದ್ದೂ ತಪ್ಪಿಲ್ಲ ಅಂತ ಬರೆದದೆ" ಎಂದೆ.

ಹುಡುಗಿ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ಬಲಗಣ್ಣಿಗೆ ಪಟ್ಟಿ ಕಟ್ಟಿತ್ತು. ಇನ್ನೊಂದು ಕಣ್ಣಿನಿಂದ ಒಂದೊಂದೇ ಸಾಲು, ಕೆಳಗಿನ ನನ್ನ ಸಹಿಯವರೆಗೂ ಓದಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ.

"ಹೌದು ಆಯೀ" ಎಂದಳು. "ಅಕ್ಕೋರು ಹೇಳ್ದಂಗೇ ಬರದದೆ. ಒತ್ತು."