ರೈಟ್ರು ನೋಡಿದ ಸಿನಿಮಾ

ಮೊನ್ನೆ ಮೆಣಸು ತುಂಬಲೆಂದು ಅಟ್ಟದಿಂದ ಹಳೆಯ ಗೋಣಿಚೀಲಗಳನ್ನು ಇಳಿಸಿ ಕೊಡವಿದೆ. ಒಣಗಿದ ಕಾಫಿ ಹಣ್ಣಿನ ಹುಳಿ ವಾಸನೆ, ಜೊತೆಗೊಂದಿಷ್ಟು ಧೂಳು. ಒಂದು ಚೀಲ ಕೊಡವಿದ ಮೇಲೆ ಕೈಯೇ ಏಳಲಿಲ್ಲ, ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ವಯಸ್ಸಾಯಿತು, ಸುಸ್ತು ಎಂದು ಮನೆಯವಳಿಗೆ ಹೇಳಿದೆ. ನಿಜ ಹೇಳಬೇಕೆಂದರೆ ನನಗೆ ರೈಟ್ರು ನೆನಪಾಗಿದ್ದರು.

ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನಲ್ಲಿ ನಾನು ಬಹಳ ವರ್ಷ ಸ್ಟೋರ್ ನೋಡಿಕೊಂಡಿದ್ದೆ. ಗೊಬ್ಬರ, ಕತ್ತಿ, ಗೋಣಿ, ಆನೆ ಓಡಿಸುವ ಪಟಾಕಿ, ಎಲ್ಲದರ ಬೀಗದ ಕೈ ನನ್ನ ಸೊಂಟದಲ್ಲಿ. ಅವರು ಅಲ್ಲಿ ರೈಟರ್, ಬೆಳಿಗ್ಗೆ ಹಾಜರಿ ಕೂಗಿ ಆಳುಗಳನ್ನು ಕೆಲಸಕ್ಕೆ ಹಚ್ಚುವವರು. ನನಗಿಂತ ಆರೇಳು ವರ್ಷ ದೊಡ್ಡವರು. ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅದು ಇಳಿದಿರುತ್ತಿತ್ತು.

ಅವರಿಗೊಬ್ಬ ತಮ್ಮ ಇದ್ದ. ಒಂದು ವರ್ಷ ಮಳೆಗಾಲ ಮುಗಿದ ಹೊತ್ತಿಗೆ, ತಪ್ಪಿಸಿಕೊಂಡ ಕಡಸನ್ನು ಹುಡುಕುತ್ತ ಬಿಸಿಲೆ ಕಡೆಯ ಕಾಡಿಗೆ ಹೋದವನು ಬರಲಿಲ್ಲ. ಕಡಸು ಮಾರನೆಯ ದಿನ ತಾನಾಗಿಯೇ ಕೊಟ್ಟಿಗೆಗೆ ಬಂತು. ನಾವು ಹತ್ತು ಹನ್ನೆರಡು ಜನ ನಾಲ್ಕು ದಿನ ಹುಡುಕಿದೆವು. ಮರಿ ಹಾಕಿದ್ದ ಆನೆ ಹಿಂಡೊಂದು ಅದೇ ಕಾಡಿನಲ್ಲಿತ್ತು. ಹಾಗಾಗಿ ಒಂದೊಂದು ಇಳಿಜಾರಿಗೂ ಕಾಲಿಡುವ ಮೊದಲು ಪಟಾಕಿ ಹೊಡೆದು, ಆಮೇಲೆ ಹೆಸರು ಹಿಡಿದು ಕೂಗುತ್ತಿದ್ದೆವು. ಪಟಾಕಿಯ ಪೆಟ್ಟಿಗೆ ಹೊತ್ತವನೂ, ಬತ್ತಿಗೆ ಬೆಂಕಿ ಇಟ್ಟವನೂ ನಾನೇ.

ತಿಂಗಳ ಮೇಲೆ ಬೆತ್ತ ಕಡಿಯಲು ಹೋದವರಿಗೆ ಅವನ ಅಂಗಿ, ಮೂಳೆ ಸಿಕ್ಕವು... ನಾವು ಹುಡುಕಿದ ಜಾಗದಿಂದ ಎರಡು ಗುಡ್ಡದ ಆಚೆ, ಘಾಟಿಯ ಇಳಿಜಾರಿನ ಹಳ್ಳದ ಪಕ್ಕ. ಹುಟ್ಟಿ ಬೆಳೆದ ಕಾಡಿನಲ್ಲಿ ಊರಿನ ಕಡೆ ಬರುವುದು ಬಿಟ್ಟು ಅತ್ತ ಯಾಕೆ ಹೋದ? ದಾರಿ ಮರೆಸುವ ಬಳ್ಳಿ ದಾಟಿರಬೇಕು ಎಂದರು ಹಿರಿಯರು. ರೈಟ್ರು ಅದನ್ನು ನಂಬಿದರು. ನಂಬಿಕೊಂಡು ಹೇಗೋ ದಿನ ತಳ್ಳುತ್ತಿದ್ದರು.

ಐದಾರು ವರ್ಷ ಕಳೆದಿರಬೇಕು. ಕೊಯ್ಲು ಮುಗಿದ ಒಂದು ಭಾನುವಾರ ತೋಟದ ಸಾಹುಕಾರರ ಮಗ ಎಲ್ಲಿಂದಲೋ ಪ್ರೊಜೆಕ್ಟರ್ ತಂದು, ಸ್ಟೋರಿನ ಗೋಡೆಗೆ ಬಿಳಿ ಪಂಚೆ ಕಟ್ಟಿಸಿ, ಹಗಲಲ್ಲೇ ಬಾಗಿಲು ಹಾಕಿಸಿ ಆಳುಗಳ ಲೈನ್ ಮನೆಗಳವರಿಗೆಲ್ಲ ಒಂದು ಸಿನಿಮಾ ತೋರಿಸಿದ. ಯಾವುದೋ ದೇಶದಲ್ಲಿ ಕಾಡಿನಲ್ಲಿ ದಾರಿ ತಪ್ಪಿ, ಬದುಕಿ ಬಂದವನೊಬ್ಬನ ಕಥೆ. ನಿಜವಾಗಿ ನಡೆದದ್ದಂತೆ. ಮಾತೆಲ್ಲ ಕನ್ನಡಕ್ಕೆ ಡಬ್ ಆಗಿತ್ತು. ಎಲ್ಲರೂ ಗೋಣಿಚೀಲಗಳ ಮೇಲೆ ಕೂತೆವು, ರೈಟ್ರು ನನ್ನ ಪಕ್ಕದಲ್ಲಿ.

ಜನಕ್ಕೆ ನಗುವೋ ನಗು. ಕಾಲಿಗೆ ಹತ್ತಿ ರಕ್ತ ಹೀರುವ ಒಂದೇ ಒಂದು ಇಂಬಳಕ್ಕೆ ಅವನು ಚೀರಿಕೊಂಡಾಗ, ಮಳೆಗಾಲದಲ್ಲಿ ದಿನಕ್ಕೆ ಇಪ್ಪತ್ತು ಇಂಬಳ ಕಿತ್ತೆಸೆಯುವ ಹೆಂಗಸರು ಬಿದ್ದು ಬಿದ್ದು ನಕ್ಕರು. ಎಷ್ಟು ಉಜ್ಜಿದರೂ ಬೆಂಕಿ ಹತ್ತದಿದ್ದಾಗ, ಹಸಿ ಕಡ್ಡಿ ಬಿಟ್ಟು ಒಣಗಿದ್ದು ಹುಡುಕು ಎಂದು ಹಿಂದಿನ ಸಾಲಿನಿಂದ ಬುದ್ಧಿ ಹೇಳಿದರು. ಅವನು ತಾಯಿಯನ್ನು ನೆನೆದು ಅತ್ತಾಗ ಅದೇ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ತೋಟದ ಮರ ಹತ್ತಿ ಕೊಂಬೆ ಸವರುವ ಮರಗಸಿಯ ಆಳೊಬ್ಬ ಸಮಾಧಾನ ಹೇಳಿದ: "ಸಾಯಾಕಿಲ್ಲ ಸುಮ್ನಿರವ್ವ, ನಿಜವಾದ ಕತೆ ಅಂತ ಮೊದ್ಲೇ ಹಾಕವ್ರೆ."

ಕೊನೆಯಲ್ಲಿ ಹುಡುಕಲು ಬಂದವರು ದೂರದಿಂದ ಹೆಸರು ಹಿಡಿದು ಕೂಗಿದರು. ಅವನು ದನಿ ಬಂದ ಕಡೆಗೆ ತೆವಳಿಕೊಂಡು ಹೋದ. ಸ್ಟೋರಿನ ತುಂಬ ಶಿಳ್ಳೆ, ಚಪ್ಪಾಳೆ.

ಬಾಗಿಲು ತೆಗೆದು ಎಲ್ಲರೂ ಹೋದ ಮೇಲೂ ರೈಟ್ರು ಕೂತೇ ಇದ್ದರು. ನಾನು ಗೋಣಿ ಮಡಚುತ್ತಿದ್ದೆ.

"ಅವ್ರು ಕೂಗುದ್ರು, ಇವ್ನು ಕೂಗಿದ್ ಕಡೀಕೆ ಬಂದ," ಎಂದರು. "ನಾವು ಪಟಾಕಿ ಹೊಡುದ್ವಲ್ಲೋ ಮಾರಾಯ. ಪಟಾಕಿ ಸದ್ದು ಕೇಳುದ್ರೆ ನೀನು ಯಾವ್ ಕಡೀಕೆ ಹೋಯ್ತಿದ್ದೆ?"

ನಮ್ಮ ಕಡೆ ಇದು ಸಣ್ಣ ಮಕ್ಕಳಿಗೂ ಗೊತ್ತು. ಪಟಾಕಿ ಕೇಳಿಸಿತು ಎಂದರೆ ಯಾರೋ ಆನೆ ಅಟ್ಟುತ್ತಿದ್ದಾರೆ, ಸದ್ದಿಗೆ ಬೆನ್ನು ಹಾಕಿ ಓಡಬೇಕು. ಕೂಗು ಎಷ್ಟು ದೂರ ಹೋದೀತು, ಪಟಾಕಿ ಎಷ್ಟು ದೂರ? ಆ ನಾಲ್ಕು ದಿನ ನಾವು ಅವನನ್ನು ಹುಡುಕಿದೆವೋ, ಗುಡ್ಡದಿಂದ ಗುಡ್ಡಕ್ಕೆ ಅಟ್ಟಿದೆವೋ...

ಆ ಯೋಚನೆ ನನಗೆ ಹೊಸದಲ್ಲ. ಅಂಗಿ ಸಿಕ್ಕಿತು ಎಂದು ಕೇಳಿದ ದಿನವೇ ಹೊಳೆದಿತ್ತು. ಹೆದರಿ ಬಾಯಿ ಬಿಟ್ಟಿರಲಿಲ್ಲ. ಅವತ್ತೂ ಬಿಡಲಿಲ್ಲ. "ಗಾಳಿ ನಮ್ ಕಡೀಕೆ ಬೀಸ್ತಿತ್ತು ರೈಟ್ರೇ, ಅಷ್ಟು ದೂರ ಕೇಳ್ಸಿರಾಕಿಲ್ಲ," ಎಂದೆ. ಒಂದು ಎಲೆಯೂ ಅಲ್ಲಾಡದ ದಿನಗಳು ಅವು. ನಾಲ್ಕೂ ದಿನ ಅವರು ನನ್ನ ಪಕ್ಕದಲ್ಲೇ ಇದ್ದರು. ನನ್ನ ಮುಖ ನೋಡಿ, ಪಂಚೆ ಕೊಡವಿಕೊಂಡು ಎದ್ದು ಹೋದರು.

ಮಾರನೆಯ ದಿನದಿಂದ ಹಾಜರಿಯ ಹೊತ್ತಿನಲ್ಲಿ ಅವರು ಆಳುಗಳಿಗೆ ಒಂದು ಮಾತು ಹೇಳತೊಡಗಿದರು. ಕಾಡಿನಲ್ಲಿ ದಾರಿ ತಪ್ಪಿದಾಗ ಪಟಾಕಿ ಕೇಳಿಸಿದರೆ ಓಡಬೇಡಿ, ಇದ್ದಲ್ಲೇ ನಿಂತು ಕೂಗಿ ಎಂದು. ಹಾಗೆ ನಿಂತಾಗ ನಿಜವಾಗಿಯೂ ಆನೆಯೇ ಬಂದರೆ ಏನು ಮಾಡುವುದು ಎಂದು ಮರಗಸಿಯವನು ಕೇಳಿದ. ರೈಟ್ರು ಮುಂದಿನ ಹೆಸರು ಕೂಗಿದರು. ಎಂಟು ಹತ್ತು ದಿನ ಹೇಳಿ ನಿಲ್ಲಿಸಿದರು. ಆಮೇಲೆ ಅವರ ಸಿಟ್ಟೂ ನಿಂತುಹೋಯಿತು. ತಪ್ಪು ಮಾಡಿದವನಿಗೂ ಏನೂ ಅನ್ನುತ್ತಿರಲಿಲ್ಲ. ಹೆಸರು ಕೂಗಿ, ಸುಮ್ಮನೆ ಗಿಡಗಳ ನಡುವೆ ನಡೆದುಬಿಡುತ್ತಿದ್ದರು.

ಕೆಲಸ ಬಿಟ್ಟು ಯಸಳೂರಿನಲ್ಲಿ ಮಗಳ ಮನೆ ಸೇರಿದರು, ಅಲ್ಲೇ ಹಾಸಿಗೆ ಹಿಡಿದರು. ನೋಡಲು ಹೋದೆ. ಎಲ್ಲ ಹೇಳಿ ಹಗುರಾಗಬೇಕೆಂದೇ ಹೋದದ್ದು, ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು.

"ಗಾಳಿ ಬೀಸ್ತಿತ್ತು ಬುಡು ಮಾರಾಯ," ಎಂದರು. "ನಂಗೂ ನೆಪ್ಪೈತೆ."

ನಾನು ಹೂಂ ಎಂದೆ. ಅವರ ಮಗಳು ಕೊಟ್ಟ ಕಾಫಿ ಕುಡಿದು ಬಂದುಬಿಟ್ಟೆ.

ಅವರು ತೀರಿಕೊಂಡು ಈಗ ಎರಡು ವರ್ಷ. ಅವತ್ತು ಅವರು ಅಷ್ಟು ಒಳ್ಳೆಯವರಾಗಬಾರದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ನಿನ್ನ ಪಟಾಕಿಯೇ ನನ್ನ ತಮ್ಮನನ್ನು ತಿಂದಿತು ಎಂದು ಬಾಯಿ ತುಂಬ ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ, ಅತ್ತುಬಿಡುತ್ತಿದ್ದೆ. ನನ್ನನ್ನು ಬೈಯುವ ಹಕ್ಕಿದ್ದವರು ಅವರೊಬ್ಬರೇ. ಬೈಯದೆ ಹೋಗಿಬಿಟ್ಟರು.